ಗಾಳ ಒಯ್ಯುವ ದೋಣಿ

ಗಾಳ ಹಾಕಿ ಗೆಂಡೆ ಮೀನು ಹಿಡಿಯುವ ಹವ್ಯಾಸ ಇಂಗ್ಲೆಂಡ್, ನೆದರ್‌ಲೆಂಡ್ಸ್, ಹಂಗೇರಿಗಳಲ್ಲಿ ಬಲವಾಗಿದೆ. ಅಲ್ಲಿನ ಕೆರೆಗಳಲ್ಲಿ ರಿಮೋಟಿನಿಂದ ನಡೆಯುವ ಪುಟ್ಟ ದೋಣಿಗಳು ಓಡಾಡುತ್ತವೆ. ದೋಣಿ ಎರೆಯನ್ನೂ ಗಾಳವನ್ನೂ ಹೊತ್ತು ದೂರ ಸಾಗಿ, ಪೆಟ್ಟಿಗೆಯ ತಳ ತೆರೆದು ಎರಡನ್ನೂ ಒಂದೇ ಜಾಗದಲ್ಲಿ ಸದ್ದಿಲ್ಲದೆ ಇಳಿಸಿ ವಾಪಸಾಗುತ್ತದೆ. ಅಂಗಡಿಯಲ್ಲಿ ಕೊಳ್ಳಹೋದರೆ ದುಬಾರಿ. ಹಾಗಾಗಿ ಪಿವಿಸಿ ಪೈಪು, ಥರ್ಮಾಕೋಲು, ಫೈಬರ್‌ಗ್ಲಾಸ್ ಹಿಡಿದು ಮನೆಯಲ್ಲೇ ಕಟ್ಟಿಕೊಳ್ಳುವವರಿದ್ದಾರೆ. ಆ ಕಟ್ಟುವ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಕರಾರಿರುವುದು ಬಳಕೆಯ ಬಗ್ಗೆ.

ಒಳ್ಳೆಯ ದೋಣಿ ಕಟ್ಟುವವರು ವೇಗದ ಹಿಂದೆ ಬೀಳುವುದಿಲ್ಲ. ಎರಡು ತೇಲುಗಳನ್ನು ಜೋಡಿಸಿ ನಡುವೆ ಎರೆಯ ಪೆಟ್ಟಿಗೆ ಇಟ್ಟರೆ, ಭಾರ ಒಮ್ಮೆಲೇ ಇಳಿದರೂ ದೋಣಿ ವಾಲುವುದಿಲ್ಲ. ಯುಪಿಎಸ್‌ಗಳಲ್ಲಿ ಇರುವಂಥ 12 ವೋಲ್ಟಿನ ಸಣ್ಣ ಲೆಡ್-ಆಸಿಡ್ ಬ್ಯಾಟರಿ ಎರಡು ಕಿಲೋ ಆಸುಪಾಸು ತೂಗುತ್ತದೆ. ಆಟಿಕೆ ವಿಮಾನ ಹಾರಿಸುವವರಿಗೆ ಈ ತೂಕ ಆಗದು. ಇಲ್ಲಿ ಅದು ತಳದಲ್ಲಿ ಕೂತು, ಅಲೆಗೆ ದೋಣಿ ಹೊಯ್ದಾಡದಂತೆ ಹಿಡಿಯುತ್ತದೆ. ಕಷ್ಟವೆಲ್ಲ ರೇಡಿಯೋದ್ದು. ಈಗಿನ ರಿಮೋಟುಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಬಿಡುತ್ತದೆ. ಆಂಟೆನಾವನ್ನು ಕೋಲಿಗೆ ಕಟ್ಟಿ ಮೇಲೆತ್ತದಿದ್ದರೆ ದೋಣಿ ದೂರ ಹೋದಂತೆ ಹಿಡಿತ ತಪ್ಪುತ್ತದೆ. ಹಾಗೆ ತಪ್ಪಿದಾಗ ಮೋಟರು ತಾನಾಗಿ ನಿಲ್ಲಬೇಕು. ರಿಮೋಟನ್ನು ಆರಿಸಿ ಇದನ್ನು ಬಕೆಟ್ಟಿನ ನೀರಲ್ಲೇ ಪರೀಕ್ಷಿಸಬಹುದು. ನಿಂತ ದೋಣಿಯನ್ನು ತರಲು ಈಜಿಕೊಂಡು ಹೋಗುವ ಹುಚ್ಚು ಮಾತ್ರ ಬೇಡ. ಹೂಳು, ಜೊಂಡು ಬಲ್ಲ ಈಜುಗಾರರನ್ನೂ ಹಿಡಿದುಕೊಳ್ಳುತ್ತವೆ. ಗಾಳ ಇನ್ನೂ ಇಳಿಸಿರದಿದ್ದರೆ ಅದೇ ದಾರದಿಂದ ದೋಣಿಯನ್ನು ಮೆಲ್ಲಗೆ ಎಳೆದುಕೊಳ್ಳಬಹುದು. ಇಳಿಸಿಯಾಗಿದ್ದರೆ ಇನ್ನೊಂದು ದಾರವನ್ನು ಭಾರದ ಬೆಂಡಿನೊಂದಿಗೆ ಅದರಾಚೆಗೆ ಬೀಸಿ ಸಿಕ್ಕಿಸಿಕೊಳ್ಳಬೇಕು.

ಇನ್ನು ಬಳಕೆ. ಕೈಯಿಂದ ಬೀಸುವವನ ಗಾಳ ಅವನ ತೋಳಿನ ಶಕ್ತಿ ಇದ್ದಷ್ಟೇ ದೂರ ಹೋಗುತ್ತದೆ. ದೋಣಿಗೆ ಆ ಮಿತಿಯಿಲ್ಲ. ಬಿದ್ದ ಮರದ ಕೊಂಬೆಗಳ ನಡುವೆ, ಜೊಂಡಿನ ಆಚೆಯ ಸಂದಿಯಲ್ಲಿ ಅದು ಗಾಳವನ್ನು ಇಟ್ಟು ಬರುತ್ತದೆ. ಮೀನಂತೂ ಅಲ್ಲೇ ಇರುತ್ತದೆ, ಕಚ್ಚುತ್ತದೆ. ಆದರೆ ಅದನ್ನು ಹೊರಗೆ ತರಬೇಕಾದ್ದು ದೋಣಿಯಲ್ಲ, ದಡದಲ್ಲಿರುವ ಕೈ. ಕೊಂಬೆಗೆ ಉಜ್ಜಿ ದಾರ ಹರಿದರೆ ಬಾಯಲ್ಲಿ ಮುಳ್ಳು, ಬೆನ್ನ ಹಿಂದೆ ಉದ್ದ ದಾರ ಹೊತ್ತ ಮೀನು ಎಲ್ಲೋ ಸಿಕ್ಕಿಕೊಂಡು ಸಾಯುತ್ತದೆ. ಗಾಳ ತಲುಪಿದ ಮಾತ್ರಕ್ಕೆ ಮೀನು ಸಿಕ್ಕಂತಲ್ಲ. ಮೀನನ್ನು ಎಳೆದು ತರಲು ದಾರಿಯಿರುವಲ್ಲಿಗೆ ಮಾತ್ರ ದೋಣಿ ಕಳಿಸಬೇಕು. ಎಷ್ಟೋ ಕೆರೆಗಳಲ್ಲಿ ಈ ದೋಣಿಗಳನ್ನು ಪೂರ್ತಿ ನಿಷೇಧಿಸಿರುವುದು ನನಗೆ ಅತಿಯೆನಿಸುವುದಿಲ್ಲ. ಹೊತ್ತೊಯ್ಯುವುದು ಸುಲಭವಾದಷ್ಟೂ ಎರೆ ಸುರಿಯುವುದೂ ಹೆಚ್ಚುತ್ತದೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ.

ದಾರವನ್ನು ದೋಣಿಗೇ ಕಟ್ಟಿ, ಮೀನನ್ನೂ ಅದರಿಂದಲೇ ಎಳೆಸುವ ಇನ್ನೊಂದು ಬಗೆಯಿದೆ. ನೋಡುವವರಿಗೆ ಬಲು ಮೋಜು. ನಾನು ಇದನ್ನು ಒಪ್ಪಲಾರೆ. ರೀಲು ಹಿಡಿದವನಿಗೆ ಮೀನಿನ ಸೆಳೆತ ಬೆರಳಿಗೆ ತಿಳಿಯುತ್ತದೆ, ಅದಕ್ಕೆ ತಕ್ಕಂತೆ ದಾರ ಸಡಿಲ ಬಿಡುತ್ತಾನೆ. ಮೋಟರಿಗೆ ಆ ಸುಳಿವಿಲ್ಲ. ಮೀನು ದೊಡ್ಡದಾದರೆ ಪ್ರೊಪೆಲ್ಲರಿಗೆ ದಾರ ಸುತ್ತಿಕೊಂಡು, ದಣಿದ ಮೀನೂ ಕೆಟ್ಟ ದೋಣಿಯೂ ನಡುನೀರಲ್ಲಿ ಕೂಡಿಕೊಂಡೇ ನಿಲ್ಲುತ್ತವೆ.

ಸಾಮಾನ್ಯ ಗೆಂಡೆಯನ್ನು ನಮ್ಮ ಕೆರೆಗಳಿಗೂ ಬಿತ್ತುತ್ತಾರೆ. ದೋಣಿಯ ಬಿಡಿಭಾಗಗಳೂ ಇಲ್ಲಿ ಸಿಗುತ್ತವೆ. ಆದರೆ ನಮ್ಮಲ್ಲಿ ಅನೇಕ ಕೆರೆಗಳ ಅಂಗಳದಲ್ಲಿ ಕರಿಜಾಲಿ ಬೆಳೆದಿದೆ. ಮಳೆಗಾಲದಲ್ಲಿ ಅದು ಮುಳುಗಿದ ಮೇಲೆ ಗಾಳಕ್ಕೆ ಅದಕ್ಕಿಂತ ಕೆಟ್ಟ ಜಾಗ ಬೇರೆಯಿಲ್ಲ. ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರಿರುತ್ತಾರೆ, ಸಂಜೆ ಬಿಟ್ಟ ಬಲೆ ಬೆಳಗಿನವರೆಗೂ ನೀರಲ್ಲಿರುತ್ತದೆ. ಪ್ರೊಪೆಲ್ಲರಿಗೆ ಸಿಕ್ಕಿ ಬಲೆ ಹರಿದರೆ ಬೆಸ್ತರ ಮನೆಯ ಅಂದಿನ ಸಂಪಾದನೆಯೇ ಹೋದಂತೆ. ಪ್ರೊಪೆಲ್ಲರಿಗೆ ತಂತಿಯ ಪಂಜರ ಹಾಕುವುದು ಸಂಜೆಯೊಂದರ ಕೆಲಸ. ಬಲೆ ಎಲ್ಲಿ ಬಿಟ್ಟಿದ್ದೀರಿ ಎಂದು ಅವರನ್ನೇ ಕೇಳಿಕೊಂಡು, ಅವರು ಒಪ್ಪಿದ ಮೇಲೆ ದೋಣಿ ಇಳಿಸಬೇಕು.