ಕಿಚ್ಚು ಮತ್ತು ಲೆಕ್ಕ

‘ಪೈಲ್ವಾನ್’ ಸಿನಿಮಾ ೨೦೧೯ರಲ್ಲಿ ಬಂತು. ನಾನು ನೋಡಿದ್ದು ತಡವಾಗಿ, ಕೊಟ್ಟೂರಿನ ನಮ್ಮ ಮನೆಯ ಟಿ.ವಿ.ಯಲ್ಲಿ, ಮಗನ ಒತ್ತಾಯಕ್ಕೆ. ಎಸ್. ಕೃಷ್ಣ ಅವರ ನಿರ್ದೇಶನ, ಸುದೀಪ್ ನಾಯಕ. ಕುಸ್ತಿಯ ಮಣ್ಣಿನಲ್ಲಿ ಬೆಳೆದವನೊಬ್ಬ ಮುಂದೆ ಬಾಕ್ಸಿಂಗ್ ಕಣಕ್ಕಿಳಿಯುವ ಕಥೆ. ಕುಸ್ತಿ ಎಂದರೆ ನನಗೆ ಕೊಂಚ ಅಭಿಮಾನ. ನಮ್ಮಪ್ಪ ಹರಪನಹಳ್ಳಿ ಕಡೆಯ ಹಳ್ಳಿಯೊಂದರ ಗರಡಿಮನೆಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡವನು. ಜಾತ್ರೆಯ ಕುಸ್ತಿಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. “ನೂಕಿಕೊಂಡು ಬರೋನನ್ನ ತಿರುಗಿ ನೂಕಬಾರದವ್ವಾ, ಅವನ ನೂಕಿನಾಗ ಅವನನ್ನ ಎಳೀಬೇಕು” ಅನ್ನುತ್ತಿದ್ದ.

ಅಂಥ ಒಂದು ಮಾತು ಸಿನಿಮಾದಲ್ಲಿ ಬಂದೀತೆಂದು ಕಾದೆ. ಮೈಯನ್ನು ಹುರಿಗಟ್ಟಿಸಿಕೊಂಡ ಸುದೀಪ್ ಅವರ ಶ್ರಮ ಕಣ್ಣಿಗೆ ಕಾಣುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಮೈಮೇಲೆ ಬೀಳುವ ಎದುರಾಳಿಯನ್ನು ಗೆಲ್ಲುವುದು ಹೇಗೆ? ಚಿತ್ರ ಮುಗಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ನಾಯಕನ ಕಿಚ್ಚು ಮಾತ್ರ. ಲೆಕ್ಕ ಏನೂ ಉಳಿಯಲಿಲ್ಲ.

ನನ್ನ ಗೊಣಗಾಟ ತಾಳದೆ ಮಗ ಫೋನಿನಲ್ಲಿ ಹಳೆಯ ಪಂದ್ಯಗಳನ್ನು ತೋರಿಸಿದ. ಗುದ್ದಾಟ ನೋಡುವ ಹೆಂಗಸು ನಾನಲ್ಲ. ಆದರೂ ನಾಲ್ಕು ಪಂದ್ಯ ಕೂತು ನೋಡಿದೆ.

ಮೊದಲನೆಯದು ೧೯೭೧ರ ಮಾರ್ಚ್ ೮ರಂದು ನ್ಯೂಯಾರ್ಕಿನಲ್ಲಿ ನಡೆದದ್ದು. ಜೋ ಫ್ರೇಜಿಯರ್ ಮಹಮದ್ ಅಲಿಗಿಂತ ಗಿಡ್ಡ. ತಲೆ ತಗ್ಗಿಸಿ, ತೂಗಾಡುತ್ತಾ ಒಳನುಗ್ಗಿ, ಎಡಗೈಯಿಂದ ಪಕ್ಕೆಗೂ ದವಡೆಗೂ ಬೀಸುತ್ತಾನೆ. ಅಲಿ ಆಗಾಗ ಹಗ್ಗಕ್ಕೆ ಒರಗಿದ. ಹತ್ತಿರ ನಿಂತು ಹೊಡೆಯುವವನಿಗೆ ಬೇಕಾದದ್ದೂ ಅದೇ. ಹದಿನೈದನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದ, ಪಂದ್ಯವನ್ನೂ ಸೋತ.

ಎರಡನೆಯದು ೧೯೭೩ರ ಜನವರಿಯದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಜಾರ್ಜ್ ಫೋರ್‌ಮನ್ ಹಿಂದೆ ಸರಿಯಲೇ ಇಲ್ಲ. ನುಗ್ಗಿ ಬರುವ ಫ್ರೇಜಿಯರನನ್ನು ಎರಡೂ ಕೈಯಿಂದ ದೂಡಿ, ತನ್ನ ಉದ್ದನೆಯ ಪೆಟ್ಟಿಗೆ ಬೇಕಾದಷ್ಟು ಜಾಗ ಮಾಡಿಕೊಂಡ. ತಗ್ಗಿದ ತಲೆಗೆ ಕೆಳಗಿನಿಂದ ಎತ್ತಿ ಹೊಡೆದ. ಫ್ರೇಜಿಯರ್ ಆರು ಸಲ ಬಿದ್ದ, ಎರಡನೆಯ ಸುತ್ತಿನಲ್ಲೇ ಪಂದ್ಯ ಮುಗಿಯಿತು. ಅಪ್ಪ ಬೇಡವೆಂದ ನೂಕಾಟವೇ ಅಲ್ಲಿ ಗೆದ್ದಿತು!

೧೯೭೪ರ ಜನವರಿಯಲ್ಲಿ ಅಲಿ ಮತ್ತೆ ಫ್ರೇಜಿಯರನನ್ನು ಎದುರಿಸಿದ. ಬೇಗಬೇಗನೆ ಎರಡು ಮೂರು ಪೆಟ್ಟು ಹೊಡೆಯುವುದು, ಕೂಡಲೇ ಕುತ್ತಿಗೆಯನ್ನು ತಬ್ಬಿ ಹಿಡಿಯುವುದು. ಕೈ ಬೀಸಲು ಜಾಗವಿಲ್ಲದ ಮೇಲೆ ಒಳಗೆ ಬಂದು ಏನು ಪ್ರಯೋಜನ? ಹನ್ನೆರಡು ಸುತ್ತಿನ ಕೊನೆಗೆ ಗೆಲುವು ಅಲಿಯದು.

ಅದೇ ವರ್ಷ ಅಕ್ಟೋಬರ್ ೩೦, ಆಗ ಜಾಯಿರ್ ಎನ್ನುತ್ತಿದ್ದ ದೇಶದ ಕಿನ್ಶಾಸಾ. ಈಗ ಮೈಮೇಲೆ ಬರುವವನು ಫೋರ್‌ಮನ್. ಅಲಿ ಮತ್ತೆ ಹಗ್ಗಕ್ಕೆ ಒರಗಿದ, ಮುಖಕ್ಕೂ ಪಕ್ಕೆಗೂ ಕೈಗಳನ್ನು ಅಡ್ಡ ಇಟ್ಟ. ಫೋರ್‌ಮನ್ನನ ಪೆಟ್ಟು ಭಾರದ್ದು, ಆದರೆ ದೂರದಿಂದ ಬೀಸಿ ಬರುವಂಥದ್ದು. ಬಹಳಷ್ಟು ತೋಳಿನ ಮೇಲೆ ಬಿದ್ದವು. ನಡುನಡುವೆ ಅಲಿ ನೇರ ಪೆಟ್ಟು ಕೊಡುತ್ತಿದ್ದ, ಹತ್ತಿರ ಬಂದಾಗ ಕುತ್ತಿಗೆಯ ಮೇಲೆ ಭಾರ ಹಾಕುತ್ತಿದ್ದ. ದಣಿದ ಫೋರ್‌ಮನ್ ಎಂಟನೆಯ ಸುತ್ತಿನಲ್ಲಿ ಬಿದ್ದ.

೧೯೭೧ರಲ್ಲಿ ಸೋಲಿಗೆ ದಾರಿಯಾದ ಹಗ್ಗವೇ ೧೯೭೪ರಲ್ಲಿ ಗೆಲುವಿಗೆ ದಾರಿಯಾಯಿತು. ಉಪಾಯ ಹಗ್ಗದಲ್ಲಿರಲಿಲ್ಲ, ಬರುತ್ತಿರುವವನು ಯಾರು, ಹೇಗೆ ಬರುತ್ತಾನೆ ಎಂದು ನೋಡಿದ ಕಣ್ಣಿನಲ್ಲಿತ್ತು. ನಮ್ಮ ಸಿನಿಮಾ ಕೊಡದೆ ಉಳಿಸಿಕೊಂಡದ್ದು ಇದನ್ನು. ಪೆಟ್ಟಿಗೆ ತೆರಬೇಕಾದ ಬೆಲೆಯನ್ನೂ ಅದು ಮುಚ್ಚಿಡುತ್ತದೆ. ಪರದೆಯ ಮೇಲೆ ನೆತ್ತರು ಒರೆಸಿಕೊಂಡರೆ ಮುಗಿಯಿತು. ಗೆದ್ದ ಅಲಿಗೇ ೧೯೮೪ರಲ್ಲಿ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವುದು ತಿಳಿದುಬಂತು.

ಇಷ್ಟು ಕಟುವಾಗಿ ಬರೆಯಲು ನನಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕೂಡ್ಲಿಗಿ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಏಳನೆಯ ತರಗತಿಯ ಒಬ್ಬ ಸಣಕಲು ಹುಡುಗನನ್ನು ಅವನಿಗಿಂತ ದೊಡ್ಡವನೊಬ್ಬ ದಿನಾ ನೂಕಾಡುತ್ತಿದ್ದ. ಹುಡುಗ ನನ್ನ ಹತ್ತಿರ ಬಂದ. ನೋಟ್ಸ್ ತಿದ್ದುತ್ತಿದ್ದವಳು ತಲೆ ಎತ್ತದೆ, “ಅವನ ಗೊಡವಿ ಬ್ಯಾಡ, ಹಿಂದಕ್ಕ ಸರಿ” ಅಂದೆ. ಮರುದಿನ ಅವನು ಹಾಗೇ ಮಾಡಿದ. ನೆಟ್ಟಗೆ ಹಿಂದೆ ಹಿಂದೆ ಹೋಗಿ ವರಾಂಡದ ಅಂಚಿನಿಂದ ಬಿದ್ದು ಮುಂಗೈ ಮುರಿದುಕೊಂಡ. ನೆಟ್ಟಗೆ ಹಿಂದೆ ಹೋದರೆ ಸಿಗುವುದು ಹಗ್ಗ, ಇಲ್ಲವೆ ಅಂಚು ಎಂದು ನಾನಾದರೂ ಯೋಚಿಸಬೇಕಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು ಒಂದಿಷ್ಟೂ ಸಿಟ್ಟಿಲ್ಲದೆ, “ನೀವ ಹಿಂದಕ್ಕ ಸರಿ ಅಂದಿದ್ರಲ್ರೀ ಟೀಚರ್” ಅಂದ.

‘ಪೈಲ್ವಾನ್’ ಹೇಳುವುದು ನುಗ್ಗು ಎಂದು, ನಾನು ಹೇಳಿದ್ದು ಸರಿ ಎಂದು. ಇಬ್ಬರೂ ಎದುರಿಗೆ ಬರುವವನ ಕಡೆ ತಿರುಗಿ ನೋಡಲಿಲ್ಲ. ಕಣದಲ್ಲಾದರೆ ಬಿಡಿಸಲು ರೆಫರಿ ಇರುತ್ತಾನೆ. ಆ ಹುಡುಗನಿಗೆ ನಾನಿದ್ದೆ, ತಲೆ ಬಗ್ಗಿಸಿಕೊಂಡು. ಈಗ ಯಾವ ಮಗು ಬಂದು ಹೇಳಿದರೂ ಪೆನ್ನು ಕೆಳಗಿಡುತ್ತೇನೆ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಿ, ಆ ಹೊತ್ತಿಗೆ ನಾನೇ ಅಲ್ಲಿ ಹೋಗಿ ನಿಲ್ಲುತ್ತೇನೆ.

“ಸಿನಿಮಾ ಅಂದ್ರ ಸಿನಿಮಾ ಅವ್ವಾ, ಅಷ್ಟ್ಯಾಕ ಬೈತಿ?” ಅಂದ ಮಗ. ಇರಬಹುದು. ಆದರೆ ಮರುದಿನ ಬಿಡುವಿನ ವೇಳೆಯಲ್ಲಿ ನಮ್ಮ ಹುಡುಗರು ಆಡುವುದು ಅದೇ ಸಿನಿಮಾವನ್ನು.