ಸತ್ತ ಕಾಡತೂಸಿಗೂ ಕಾನೂನಿನ ಕಾವಲು

ಬೀದರ್ ಕೋಟೆಯ ಬುರುಜು ಹತ್ತಿದವರು ತೋಪಿನ ಉದ್ದ ನೋಡಿ ಬೆರಗಾಗುತ್ತಾರೆ, ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಬಾಯಿಯ ಅಗಲ ನೋಡುವವರು ಕಡಿಮೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ, ಕಾಯಿಸಿ ಬಡಿದು ಮಾಡಿದ ತೋಪುಗಳ ಕಾಲದಲ್ಲಿ ಒಂದರ ಬಾಯಿಯ ಅಳತೆ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಒಂದಕ್ಕೆಂದು ಮಾಡಿದ ಗುಂಡು ಪಕ್ಕದ ಬುರುಜಿನದಕ್ಕೆ ಕೂರುತ್ತಿರಲಿಲ್ಲ. 1657ರ ಮಾರ್ಚಿನಲ್ಲಿ ಔರಂಗಜೇಬನು 27 ದಿನಗಳ ಮುತ್ತಿಗೆಯ ನಂತರ ಈ ಕೋಟೆ ಹಿಡಿದ. ಮದ್ದಿನ ದಾಸ್ತಾನಿಗೆ ಕಿಡಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನ್ ಮಕ್ಕಳ ಸಮೇತ ತೀವ್ರವಾಗಿ ಸುಟ್ಟುಗಾಯಗೊಂಡದ್ದು ಆ ಮುತ್ತಿಗೆಯ ಕೊನೆ. ಗೆದ್ದವನ ಕೈಗೆ 230 ತೋಪುಗಳೂ ಎಂಟು ಲಕ್ಷ ರೂಪಾಯಿ ಬೆಲೆಯ ಮದ್ದುಗುಂಡು, ಧಾನ್ಯ ಮತ್ತಿತರ ದಾಸ್ತಾನೂ ಸಿಕ್ಕವೆಂದು ಜದುನಾಥ ಸರ್ಕಾರ್ ಬರೆದಿದ್ದಾರೆ. ತೋಪಿನ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಎರಡನೆಯ ಲೆಕ್ಕವೇ ದೊಡ್ಡದು. ಹೊಂದುವ ಗುಂಡು ಮುಗಿದ ದಿನ ತೋಪು ಬರೀ ಕಬ್ಬಿಣ.

ಪಿಸ್ತೂಲು, ರಿವಾಲ್ವರುಗಳ ಕಾಡತೂಸಿನ ವಿಷಯಕ್ಕೆ ಬಂದರೂ ಮಾತು ಇದೇ. ಗುಂಡು, ಮದ್ದು, ಕಿಡಿಗುಪ್ಪಿ ಮೂರನ್ನೂ ಒಂದೇ ಹಿತ್ತಾಳೆ ಕೊಳವೆಯಲ್ಲಿ ಅಡಕಿದ ಮೇಲೆ ಬಂದೂಕಿನ ಕಸುಬು ಸಲೀಸಾಯಿತು. ಆದರೆ ಆ ಕೊಳವೆಯ ಅಳತೆ ಕೂದಲೆಳೆಯಷ್ಟು ಬದಲಾದರೂ ಅದು ಬೇರೆಯದೇ ಕಾಡತೂಸು. ಕಳೆದ ನೂರೈವತ್ತು ವರ್ಷಗಳಲ್ಲಿ ಇಂಥವು ನೂರಾರು ಹುಟ್ಟಿ, ಬಹುಪಾಲು ಮರೆಯಾಗಿವೆ. ಯಾಕೆ ಮರೆಯಾದವು ಎಂದರೆ ಬಂದೂಕಿನ ಹುಚ್ಚಿರುವವರು ತಕ್ಷಣ ವೇಗ, ತೂಕ, ಹೊಡೆತದ ಲೆಕ್ಕ ತೆಗೆಯುತ್ತಾರೆ: ದುರ್ಬಲವಾದದ್ದು ಸತ್ತಿತು, ಬಲವಾದದ್ದು ಉಳಿಯಿತು. ಕೇಳಲು ಚೆಂದ. ಆದರೆ ನಮ್ಮ ದೇಶದ ಉದಾಹರಣೆ ಹಿಡಿದು ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಬಲವಾದದ್ದನ್ನು ಕಾನೂನಿನ ಕಾಗದ ಕೊಂದಿತು, ಸಾಧಾರಣವಾದದ್ದನ್ನು ಅದೇ ಕಾಗದ ಸಾಕಿತು.

ಮೊದಲು ಸತ್ತದ್ದನ್ನು ನೋಡೋಣ. .455 ವೆಬ್ಲಿ. ಬ್ರಿಟಿಷ್ ಸೇನೆ 1887ರಲ್ಲಿ ವೆಬ್ಲಿ ರಿವಾಲ್ವರನ್ನು ಒಪ್ಪಿಕೊಂಡಾಗಿನಿಂದ ಎರಡನೆಯ ಮಹಾಯುದ್ಧದವರೆಗೆ ಈ ಬೋರು ಸಾಮ್ರಾಜ್ಯದ ಅಧಿಕಾರಿಗಳ ಸೊಂಟದಲ್ಲಿತ್ತು. ಕೈಯಲ್ಲಿ ಹಿಡಿದರೆ ತಿಳಿಯುತ್ತದೆ: ಕೊಳವೆ ಗಿಡ್ಡ, ಗುಂಡು ಮಾತ್ರ ಹೆಬ್ಬೆರಳ ತುದಿಯಷ್ಟು ದಪ್ಪ. ಸುಮಾರು 17 ಗ್ರಾಂ ಸೀಸ, ಸೆಕೆಂಡಿಗೆ ಇನ್ನೂರು ಮೀಟರಿಗೂ ಕಡಿಮೆ ವೇಗ. ತಳದಲ್ಲಿ ತೆಳ್ಳನೆಯ ಅಂಚು. ರಿವಾಲ್ವರಿನ ಕೊರಳು ಮುರಿದು ಬಗ್ಗಿಸಿದಾಗ ನಕ್ಷತ್ರದಾಕಾರದ ತಟ್ಟೆಯೊಂದು ಆ ಅಂಚನ್ನು ಹಿಡಿದು ಆರೂ ಖಾಲಿ ಕೊಳವೆಗಳನ್ನು ಒಟ್ಟಿಗೇ ಎತ್ತಿ ಚೆಲ್ಲುತ್ತದೆ. ಭಾರತದಲ್ಲಿ ತಯಾರಾದದ್ದಾದರೆ ತಳದಲ್ಲಿ ಕೆಎಫ್ ಎಂಬ ಎರಡಕ್ಷರದ ಮುದ್ರೆ. ಪುಣೆಯ ಖಡಕಿ ಕಾರ್ಖಾನೆಯ ಗುರುತು ಅದು.

ಇದು ಕೆಟ್ಟ ಕಾಡತೂಸೇ? ಅಲ್ಲ. ಹತ್ತಿರದ ಹೊಡೆತಕ್ಕೆ ಇದಕ್ಕಿಂತ ನೆಚ್ಚಬಹುದಾದದ್ದು ಅದರ ಕಾಲದಲ್ಲಿ ಹೆಚ್ಚೇನೂ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಗೆ ಕಂಡ ತೊಂದರೆ ಬೇರೆ: ಇಷ್ಟು ಭಾರದ ರಿವಾಲ್ವರು, ಇಷ್ಟು ಒದೆತ, ಹೊಸಬರಿಗೆ ಬೇಗ ಕಲಿಸಲು ಆಗುವುದಿಲ್ಲ. ಹಾಗಾಗಿ 1930ರ ದಶಕದ ಆರಂಭದಲ್ಲಿ .380 ಬೋರಿನ ಎನ್‌ಫೀಲ್ಡ್ ಬಂತು. ಆಮೇಲೆ ಅದನ್ನೂ ಬದಿಗೆ ಸರಿಸಿ 9 ಎಂಎಂ ಪಿಸ್ತೂಲು ಬಂತು. .455 ಸತ್ತದ್ದು ಸೋತು ಅಲ್ಲ, ತರಬೇತಿಯ ಖರ್ಚಿನಿಂದ.

ನಮ್ಮಲ್ಲಿ ಅದಕ್ಕೆ ಇನ್ನೊಂದು ಸಾವು ಕಾದಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ 1962ರಲ್ಲಿ ಬಂದ ನಿಯಮಗಳ ಮೊದಲ ಅನುಸೂಚಿಯಲ್ಲಿ ನಿಷೇಧಿತ ಆಯುಧಗಳ ಪಟ್ಟಿಯಿತ್ತು. .303 ಮತ್ತು 7.62 ರೈಫಲುಗಳು, .410 ಮಸ್ಕೆಟ್ಟುಗಳು, ಜೊತೆಗೆ .380 ಅಥವಾ .455 ಅಂಚಿನ ಕಾಡತೂಸು, ಇಲ್ಲವೆ ಸೇನೆಯ 9 ಎಂಎಂ, .45 ಅಂಚಿಲ್ಲದ ಕಾಡತೂಸು ಹಾರಿಸಬಲ್ಲ ಯಾವುದೇ ಪಿಸ್ತೂಲು, ರಿವಾಲ್ವರು. ಪಟ್ಟಿಯ ತರ್ಕ ಸರಳ. ಸೇನೆ, ಪೊಲೀಸರ ಕೋಠಿಯಿಂದ ಕದ್ದ ಗುಂಡು ಖಾಸಗಿಯವರ ಬಂದೂಕಿಗೆ ಕೂರಬಾರದು. ಗುಂಡಿನ ಬಲ ಎಷ್ಟು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಸರ್ಕಾರದ ಪೆಟ್ಟಿಗೆಯಲ್ಲಿ ಇರುವುದೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಈ ಭಯ ಬ್ರಿಟಿಷರಿಂದ ಬಂದ ಬಳುವಳಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಅವರು ಭಾರತಕ್ಕೂ ಸುಡಾನಿಗೂ .450 ಬೋರಿನ ರೈಫಲು ತರುವುದನ್ನು ತಡೆದಿದ್ದರು. ಹಳೆಯ ಸೇನಾ ಮಾರ್ಟಿನಿ-ಹೆನ್ರಿಯ ಬೋರು ಅದೇ ಆಗಿತ್ತು. ಬಂಡಾಯಗಾರರಿಗೆ ಗುಂಡು ಒದಗೀತೆಂಬ ಆತಂಕ. ಆದದ್ದೇನು? ಲಂಡನ್ನಿನ ಬಂದೂಕು ಕುಶಲಕರ್ಮಿಗಳು ಬೋರನ್ನು ಕೊಂಚವೇ ಹಿಗ್ಗಿಸಿ .465, .470 ಎಂಬ ಹೊಸ ಕಾಡತೂಸುಗಳನ್ನು ಮಾಡಿದರು. ಮಹಾರಾಜರು ಹುಲಿ ಹೊಡೆಯುವುದು ನಿಲ್ಲಲಿಲ್ಲ. ಆಫ್ರಿಕದಲ್ಲಿ ಆನೆ ಬೇಟೆಗೆ .470 ಇಂದಿಗೂ ಬಳಕೆಯಲ್ಲಿದೆ, ಅದರ ಜನ್ಮಕ್ಕೆ ಕಾರಣವಾದ ಆಜ್ಞೆ ಯಾರಿಗೂ ನೆನಪಿಲ್ಲ. ಆಜ್ಞೆಯಿಂದ ಕಾಡತೂಸು ಸಾಯುವುದಷ್ಟೇ ಅಲ್ಲ, ಹುಟ್ಟುವುದೂ ಉಂಟು.

ಇನ್ನು ಉಳಿದದ್ದು. .32 ಬೋರು ಎಂದರೆ ಭಾಲ್ಕಿಯಲ್ಲಾಗಲಿ ಬೀದರಿನಲ್ಲಾಗಲಿ ಲೈಸೆನ್ಸ್ ಇಟ್ಟುಕೊಂಡವರಿಗೆ ವಿವರಣೆ ಬೇಡ. ಕಾನ್ಪುರದ ಸಣ್ಣ ಆಯುಧಗಳ ಕಾರ್ಖಾನೆಯ ರಿವಾಲ್ವರು ಈ ಬೋರಿನದು. ದೇಹ ಬ್ರಿಟಿಷ್ ವೆಬ್ಲಿಯದು, ಹೊಟ್ಟೆಗೆ ತಿನ್ನುವುದು ಅಮೆರಿಕದ್ದು: 1896ರಲ್ಲಿ ಹುಟ್ಟಿದ ಸ್ಮಿತ್ ಆ್ಯಂಡ್ ವೆಸನ್ ಲಾಂಗ್. ಆ ಕಾಲಕ್ಕೆ ನ್ಯೂಯಾರ್ಕ್ ಪೊಲೀಸ್ ಆಯುಕ್ತರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ತಮ್ಮ ಪಡೆಗೆ ಕೊಡಿಸಿದ್ದು ಇದೇ ಬಳಗದ ಕೋಲ್ಟ್ ರಿವಾಲ್ವರು. ಗುಂಡು ಆರು ಗ್ರಾಮಿಗಿಂತ ತುಸು ಹೆಚ್ಚು; .455ರ ಅರ್ಧವೂ ಇಲ್ಲ. ಅಮೆರಿಕದ ಪೊಲೀಸರು ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಪಶ್ಚಿಮದಲ್ಲಿ ಈಗ ಇದರ ಮುಖ್ಯ ನೆಲೆ ಗುರಿಕ್ರೀಡೆ: ಒದೆತ ಕಡಿಮೆ, ಕಾಗದದ ಮೇಲೆ ಅಚ್ಚುಕಟ್ಟಾದ ತೂತು, 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗೆ ಹೇಳಿ ಮಾಡಿಸಿದ್ದು. ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇಂಥ ಸ್ಪರ್ಧೆಯಲ್ಲೇ. ಆ ಮಟ್ಟಿಗೆ ಒಳ್ಳೆಯ ಕಾಡತೂಸು. ಜೀವ ಉಳಿಸಿಕೊಳ್ಳಲು ಇದನ್ನೇ ಆರಿಸಿ ಎಂದು ಯಾರೂ ಇದರ ಗುಣ ನೋಡಿ ಹೇಳಿದ್ದಲ್ಲ. ಸೇನೆಯ ಪೆಟ್ಟಿಗೆಯಲ್ಲಿ ಇಲ್ಲದ್ದು, ಸರ್ಕಾರಿ ಕಾರ್ಖಾನೆ ಮಾಡಬಲ್ಲದ್ದು, ಎರಡೇ ಅರ್ಹತೆ.

1980ರ ದಶಕದಲ್ಲಿ ಬಂದೂಕಿನ ಆಮದಿಗೆ ಬಾಗಿಲು ಮುಚ್ಚಿದ ಮೇಲಂತೂ ಕಾನ್ಪುರದ್ದೇ ಗತಿಯಾಯಿತು. ಹಳೆಯ ವಿದೇಶಿ ರಿವಾಲ್ವರಿಗೆ ಒಳ್ಳೊಳ್ಳೆ ಹೊಲದ ಬೆಲೆ ಬಂತು.

ಇದೇ ಬೋರಿನ ಇನ್ನೊಂದು ಕವಲು ಅಂಚು ಸಣ್ಣದಾದ .32 ಪಿಸ್ತೂಲು ಕಾಡತೂಸು, ಅಂದರೆ 7.65 ಎಂಎಂ. ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ರೂಪಿಸಿದ್ದು. ಯುರೋಪಿನ ಪೊಲೀಸರು ಮುಕ್ಕಾಲು ಶತಮಾನ ಇದನ್ನು ಹೊತ್ತರು. 1972ರ ಮ್ಯೂನಿಕ್ ಒಲಿಂಪಿಕ್ಸ್ ಹತ್ಯಾಕಾಂಡದ ನಂತರ ಪಶ್ಚಿಮ ಜರ್ಮನಿ ಇದು ಸಾಲದೆಂದು 9 ಎಂಎಂಗೆ ತಿರುಗಿತು. ಅಲ್ಲಿ ಅದು ಹಿಂದೆ ಸರಿಯಿತು. ನಮ್ಮಲ್ಲಿ ಲೈಸೆನ್ಸಿಗೆ ಸಿಗುವ ಪಿಸ್ತೂಲಿನ ಬೋರು ಅದೇ ಆದ್ದರಿಂದ ಗುಂಡು ಮಾರುಕಟ್ಟೆಯಲ್ಲಿ ಉಳಿಯಿತು, ಗುಂಡು ಉಳಿದದ್ದರಿಂದ ಕಳ್ಳ ಕುಲುಮೆಗಳ ನಾಡ ಪಿಸ್ತೂಲೂ ಅದೇ ಬೋರು ಹಿಡಿಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂಎಂ ನಾಡ ಪಿಸ್ತೂಲಿನ ಗುಂಡುಗಳೆಂದು ವಿಧಿವಿಜ್ಞಾನ ವರದಿಗಳು ಹೇಳಿದವು. ಜರ್ಮನಿಯ ಪೊಲೀಸರು ಕೈಬಿಟ್ಟ ಗುಂಡು ವಚನ ಸಾಹಿತ್ಯದ ದೊಡ್ಡ ಸಂಶೋಧಕರನ್ನು ಅವರ ಮನೆಯ ಬಾಗಿಲಲ್ಲೇ ಕೊಂದಿತು. ದುರ್ಬಲ, ಹಳತು ಎಂಬ ವಿಶೇಷಣಗಳನ್ನು ಇಲ್ಲಿ ಜೋಪಾನವಾಗಿ ಬಳಸಬೇಕು. ಸೇನೆಯ ಗುಂಡನ್ನು ದೂರವಿಡುವುದೇ ರಕ್ಷಣೆ ಎಂದು ನಂಬಿದ ಪಟ್ಟಿಗೆ ಈ ಸಾವುಗಳ ಬಗ್ಗೆ ಹೇಳಲು ಏನೂ ಇಲ್ಲ.

ಅಮೆರಿಕದ ಮಾರುಕಟ್ಟೆಯಲ್ಲಿ ಕಾಗದದ ಅಡ್ಡಿ ಕಡಿಮೆ, ಅಲ್ಲೂ ಕಾಡತೂಸಿನ ಆಯುಷ್ಯ ನಿರ್ಧರಿಸುವುದು ದೊಡ್ಡ ಖರೀದಿದಾರನೇ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರನ್ನು ಕಳೆದುಕೊಂಡ ಎಫ್‌ಬಿಐ ದೊಡ್ಡ ಬೋರಿನ ಕಡೆ ವಾಲಿತು, 1990ರಲ್ಲಿ .40 ಹುಟ್ಟಿ ದೇಶದ ಪೊಲೀಸರೆಲ್ಲ ಅದರ ಹಿಂದೆ ಬಿದ್ದರು. ಅದೇ ಎಫ್‌ಬಿಐ ಮತ್ತೆ 9 ಎಂಎಂಗೆ ಮರಳಿದ್ದೇ ತಡ, .40ರ ಮೆರವಣಿಗೆ ಹಿಂದಕ್ಕೆ ಹೊರಟಿತು. ಗ್ಲಾಕ್ ಹೆಸರಿನಲ್ಲಿ 2003ರಲ್ಲಿ ಬಂದ .45 ಜಿಎಪಿಯನ್ನು ಕೆಲವು ರಾಜ್ಯಗಳ ಪೊಲೀಸರು ಕೊಂಡರು, ಬಿಟ್ಟರು. ಅಲ್ಲಿಗೆ ಅದರ ಕಥೆ ಮುಗಿದಂತೆ. ಜಪಾನಿನ 8 ಎಂಎಂ ನಂಬು 1945ರಲ್ಲಿ ಅದನ್ನು ಹೊತ್ತ ಸೇನೆಯೊಂದಿಗೇ ಹೋಯಿತು.

ಗುಂಡಿನ ಸರಬರಾಜು ಎಂದರೇನೆಂದು ಬೀದರಿನ ಹಿರಿಯರಿಗೆ ಬೇರೆ ರೀತಿಯಲ್ಲಿ ಗೊತ್ತು. ಆಗ ಭಾಲ್ಕಿ, ಔರಾದ್ ನಿಜಾಮನ ರಾಜ್ಯದಲ್ಲಿದ್ದವು. 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದದ ನಂತರ ಹೈದರಾಬಾದಿಗೂ ದೆಹಲಿಗೂ ನಡೆದ ಜಗಳಗಳಲ್ಲಿ ಶಸ್ತ್ರಾಸ್ತ್ರ ಪೂರೈಕೆಯೂ ಒಂದು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ 1948ರಲ್ಲಿ ಕರಾಚಿಯಿಂದ ರಾತ್ರೋರಾತ್ರಿ ಆಯುಧ ಹಾರಿಸಿ ತಂದದ್ದು ಅದಕ್ಕೇ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಾಗ ನಿಜಾಮನ ಪಡೆಗೆ ಐದು ದಿನವೂ ತಡೆಯಲಾಗಲಿಲ್ಲ.

ಈಗ ಈ ಸೀಮೆಯಲ್ಲಿ ಲೈಸೆನ್ಸ್ ಬಂದೂಕು ಹೊರಬರುವುದು ಎರಡು ಸಲ. ಆಯುಧಪೂಜೆಗೆ, ಕುಂಕುಮ ಹಚ್ಚಿಸಿಕೊಳ್ಳಲು. ಚುನಾವಣೆಗೆ, ಠಾಣೆಯಲ್ಲಿ ಠೇವಣಿಯಾಗಲು. 2023ರ ಮೇನಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ. ರಿವಾಲ್ವರು ತಿಜೋರಿಯಿಂದ ಠಾಣೆಗೆ, ಠಾಣೆಯಿಂದ ತಿಜೋರಿಗೆ ಓಡಾಡಿದ್ದೇ ಬಂತು; ಹಾರಿದ್ದಿಲ್ಲ, ಹಾರಬೇಕಾಗಿಯೂ ಇಲ್ಲ. ನಿಜಕ್ಕೂ ಗುಂಡು ಖರ್ಚಾಗುವುದು ಹಂದಿ ಕಾಯುವ ಹೊಲದ ಬದುವಿನಲ್ಲಿ, ಅದೂ ಹೆದರಿಸಲು, 12 ಬೋರಿನ ಒಂಟಿ ನಳಿಗೆಯಿಂದ. ಕೃಷ್ಣಮೃಗ ತೊಗರಿ ಮೇಯ್ದು ಹೋದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಅದರತ್ತ ನಳಿಗೆ ತಿರುಗಿಸುವಂತಿಲ್ಲ. 12 ಬೋರು ಸಾಯದಿರುವುದಕ್ಕೆ ಕಾರಣ ಹುಡುಕಲು ಕಷ್ಟಪಡಬೇಕಿಲ್ಲ: ಲಂಡನ್ನಿನ ಲಾರ್ಡನ ಬಂದೂಕಿಗೂ ಔರಾದಿನ ರೈತನ ಬಂದೂಕಿಗೂ ಒಂದೇ ಕಾಡತೂಸು.

ನನ್ನ ತಕರಾರು ನಿಷೇಧದ ಮೇಲಲ್ಲ. ಈ ದೇಶದಲ್ಲಿ ಮನೆಮನೆಗೆ ಪಿಸ್ತೂಲು ಬೇಕೆಂದು ವಾದಿಸುವವನೂ ನಾನಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಮಿತಿಯನ್ನು ಎರಡಕ್ಕೆ ಇಳಿಸಿದ್ದು ಸರಿಯೇ. ತಕರಾರು ಇರುವುದು ಅಳತೆಗೋಲಿನ ಮೇಲೆ. ಅಪಾಯ ಅಳೆಯಬೇಕಾದ ಕಾನೂನು ಕೋಠಿಯ ದಾಸ್ತಾನು ಅಳೆಯುತ್ತಿದೆ, ಅದೂ ಯಾವತ್ತೋ ಖಾಲಿಯಾದ ಕೋಠಿಯದು. ಔರಾದಿನ ಒಂದು ಹಳೆಯ ವಾಡೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ .455 ವೆಬ್ಲಿ ಸಿಕ್ಕಿತೆನ್ನಿ. ಮೊಮ್ಮಗ ಅದನ್ನು ಇಟ್ಟುಕೊಳ್ಳಲು ಬೀದರಿನ ಜಿಲ್ಲಾಧಿಕಾರಿಯ ಲೈಸೆನ್ಸ್ ಸಾಲದು. ಕಾಯ್ದೆಯ 7ನೇ ಕಲಮಿನಂತೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಪಕ್ಕದ ಮನೆಯ .32ಕ್ಕೆ ಅದ್ಯಾವುದೂ ಬೇಡ, ಅದರ ಗುಂಡು ಅಂಗಡಿಯಲ್ಲಿ ಸಿಗುತ್ತದೆ. .455ರ ಗುಂಡು ಬೇಕೆಂದರೆ ಈಗ ಇಟಲಿಯ ಫಿಯೊಕಿಯಂಥ ಕಂಪನಿಯ ಕಡೆ ನೋಡಬೇಕು. ಅವರು ಅದನ್ನು ಮಾಡುವುದು ಹಳೆಯ ಬಂದೂಕು ಕೂಡಿಡುವ ಹವ್ಯಾಸಿಗಳಿಗೆ.