ಮಡಿಕೆಯ ಲಿಪಿ

ದಾಂಡೇಲಿಯ ಸೀಮೆಯಲ್ಲಿ ಕಾಗದಕ್ಕೆ ಬರವಿಲ್ಲ. ವೆಸ್ಟ್ ಕೋಸ್ಟ್ ಕಾಗದದ ಕಂಪನಿ 1955ರಲ್ಲಿ ಹುಟ್ಟಿದ್ದು ಈ ಊರಿಗಾಗಿಯೇ. ಆದರೂ ಕಳೆದ ರಜೆಯಲ್ಲಿ ಹಳಿಯಾಳದ ನಮ್ಮ ನೆರೆಮನೆಯ ಹುಡುಗಿ ಓರಿಗಾಮಿಯ ಪುಸ್ತಕವೊಂದನ್ನು ತಂದು, “ಕಾಕಾ, ನೀವು ಹಳಗನ್ನಡ ಓದುತ್ತೀರಲ್ಲ, ಇದನ್ನಷ್ಟು ಓದಿ ಹೇಳ್ರಿ” ಎಂದಾಗ ನಾನು ಸೋತುಹೋದೆ. ಅವಳ ಕೊಕ್ಕರೆ ನಡುದಾರಿಯಲ್ಲಿ ಹರಿದಿತ್ತು, ಕಣ್ಣಲ್ಲಿ ನೀರಿತ್ತು.

ಆ ಪುಸ್ತಕವನ್ನು ಎರಡು ರಾತ್ರಿ ಕುಳಿತು ಓದಿದೆ. ಓದಿದೆ ಎಂದೇ ಹೇಳಬೇಕು, ಏಕೆಂದರೆ ಇವು ಬರಿಯ ಚಿತ್ರಗಳಲ್ಲ, ಒಂದು ಲಿಪಿ. ಜಪಾನಿನ ಅಕಿರಾ ಯೋಶಿಜಾವಾ 1954ರ ತಮ್ಮ ಗ್ರಂಥದಲ್ಲಿ ಬಳಸಿದ ಗೆರೆ-ಬಾಣಗಳ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜಾದೂಗಾರ ರಾಬರ್ಟ್ ಹಾರ್ಬಿನ್, ಅಮೆರಿಕದ ಸ್ಯಾಮ್ಯುಯೆಲ್ ರ‍್ಯಾಂಡ್ಲೆಟ್ ಇವರು ಬಳಕೆಗೆ ತಂದರು. ತುಂಡು ತುಂಡು ಗೆರೆಯಿದ್ದರೆ ನಮ್ಮ ಕಡೆಗೆ ಮಡಿಸಬೇಕು, ಕಣಿವೆಯಾಗುತ್ತದೆ. ನಡುವೆ ಚುಕ್ಕೆಗಳಿದ್ದರೆ ಆಚೆಗೆ, ಗುಡ್ಡವಾಗುತ್ತದೆ. ಛಂದಸ್ಸಿನ ಪ್ರಸ್ತಾರದಲ್ಲಿ ಗುರುವಿಗೊಂದು ಗುರುತು, ಲಘುವಿಗೊಂದು ಗುರುತು ಇರುವಂತೆಯೇ. ಹಾಳೆಯನ್ನು ಮಗುಚಿದರೆ ಗುಡ್ಡವೇ ಕಣಿವೆ. ಮಗುಚುವ ಸುರುಳಿಬಾಣವನ್ನು ಕಾಣದೆ ಹೋದವನ ಗತಿ ಜೋಯಿಡಾದ ಕಾಡಿನಲ್ಲಿ ದಾರಿ ತಪ್ಪಿದವನದು.

ಆದರೆ ಹುಡುಗಿ ತಪ್ಪಿದ್ದು ಅಲ್ಲಲ್ಲ. ಒಂದು ಚಿತ್ರದಲ್ಲಿರುವುದು ಮಡಿಸುವ ಮುನ್ನಿನ ಸ್ಥಿತಿ ಮತ್ತು ಆಜ್ಞೆ ಮಾತ್ರ. ಫಲವಿರುವುದು ಮುಂದಿನ ಚಿತ್ರದಲ್ಲಿ. ಹಳಗನ್ನಡದ ಉದ್ದ ವಾಕ್ಯಕ್ಕೆ ಅನ್ವಯ ಮಾಡುವಾಗ ಕೊನೆಯ ಕ್ರಿಯಾಪದವನ್ನು ಮೊದಲು ಹಿಡಿಯಿರಿ ಎಂದು ತರಗತಿಯಲ್ಲಿ ಹೇಳುವವನು ನಾನು. ಇಲ್ಲಿ ನನಗೇ ಅದು ಮರೆತಿತ್ತು!

ಉಳಿದ ತಪ್ಪು ಪುಸ್ತಕದ್ದೇ. ಕೊಕ್ಕರೆಯಲ್ಲಿ ಹೂವಿನ ಎಸಳಿನಂತೆ ಪದರವನ್ನು ಮೇಲೆತ್ತುವ ಘಟ್ಟವೊಂದಿದೆ. ಮೊದಲು ಕಣಿವೆಯಾಗಿ ಗೀರಿದ ಎರಡು ಗೆರೆಗಳು ಮೇಲಿನ ಪದರದಲ್ಲಿ ಗುಡ್ಡವಾಗಬೇಕು, ಎರಡು ಅಂಚುಗಳು ತಾವಾಗಿ ನಡುವಿಗೆ ಸರಿಯಬೇಕು. ಚಿತ್ರಕಾರ ಮೇಲ್ಮುಖವಾದ ಒಂದು ಬಾಣ ಬರೆದು ಕೈತೊಳೆದುಕೊಂಡಿದ್ದಾನೆ. ಹಾಳೆ ಅರ್ಧ ತೆರೆದು ನಿಂತ ನಡುಚಿತ್ರವೇ ಇಲ್ಲ. ಕೆಳಗಿನ ಕನ್ನಡ ಅನುವಾದವಂತೂ “ದಳರೂಪೀ ಮಡಿಕೆಯನ್ನು ಸಾಧಿಸಿರಿ” ಎನ್ನುತ್ತದೆ. ಸಾಧಿಸುವುದು ಹೇಗೆಂಬುದೇ ಪ್ರಶ್ನೆಯಾಗಿರುವಾಗ ಇದು ಉತ್ತರವೆ? ಸೀರೆಯ ನೆರಿಗೆ ಹಿಡಿಯುವ, ದೊನ್ನೆ ಕಟ್ಟುವ, ಕವಳದ ಎಲೆ ಮಡಿಸುವ ಜನರ ಮಾತಿನಲ್ಲಿ “ತುದಿ ಎತ್ತು, ಬದಿಗಳನ್ನು ಒಳಕ್ಕೆ ತಳ್ಳು, ಒತ್ತು” ಎನ್ನಲು ಪದಗಳಿಗೆ ದಾರಿದ್ರ್ಯವಿಲ್ಲ.

ಚಿತ್ರವಿದ್ದರೆ ಮಾತೇಕೆ ಎಂಬ ವಾದವುಂಟು. ಒಪ್ಪುತ್ತೇನೆ, ಅರ್ಧ. ಮುಂಡಗೋಡದ ಟಿಬೆಟನ್ ಶಿಬಿರದ ಮಗುವೂ ನಮ್ಮ ಮಗುವೂ ಒಂದೇ ಬಾಣವನ್ನು ಓದಬಲ್ಲವು. ಈ ಲಿಪಿಯ ಹಿರಿಮೆ ಅದು. ಆದರೆ ಬಾಣ ಮೂಕವಾದಲ್ಲಿ ಮಾತು ಬೇಕು, ಆ ಮಾತು ಮನೆಯದಾಗಿರಬೇಕು.

ಮೂರನೆಯ ದಿನ ನಡುಚಿತ್ರವನ್ನು ನಾನೇ ಪೆನ್ಸಿಲಿನಲ್ಲಿ ಗೀಚಿಕೊಟ್ಟೆ. ಕೊಕ್ಕರೆಯಾಯಿತು, ಕುತ್ತಿಗೆ ತುಸು ಸೊಟ್ಟ. “ಕಾಕಾ, ನಿಮ್ಮ ಚಿತ್ರ ಚೆಂದಿಲ್ಲ, ಆದರೆ ತಿಳೀತದೆ” ಎಂದಳು.